ನೀರು ತರುವ ಹುಡುಗಿ

ಪ್ರಿನ್ಸಿಪಾಲರ ಚೀಟಿ ನೋಡಿದೊಡನೆ ಪಾಠ ಮಾಡುತ್ತಿದ್ದ ಅಬೇದಾಳ ಮೈಯೆಲ್ಲ ಉರಿದುಹೋಯಿತು. ‘ಹೊಳೆವ್ವ ನೀರು ತರಲಿ’ ಎಂದು ಬರೆದಿದ್ದರು. ನೀರು ಕೊಡಲು ಸಿಪಾಯಿ ತುಕಾರಾಮ ಇರಲಿಲ್ಲವೇ? ಇದ್ದ, ಚೀಟಿ ತಂದವನೇ ಅವನು. ಆದರೆ ವಿಜಾಪುರದ ಆ ಮಹಿಳಾ ಕಾಲೇಜಿನಲ್ಲಿ ಎಪ್ಪತ್ತೈದನೇ ಇಸವಿಯಲ್ಲೂ ಹೆಣ್ಣು ನೋಡುವವರು ಬಂದು ಕೂರುತ್ತಿದ್ದುದು ಪ್ರಿನ್ಸಿಪಾಲರ ಕೋಣೆಯಲ್ಲೇ. ಪಾಠದ ನಡುವೆ ಎದ್ದ ಹುಡುಗಿ ತಂಬಿಗೆ ಹಿಡಿದು ಅವರೆದುರು ನಿಲ್ಲಬೇಕು. ಎಂಥ ಚೆಂದದ ಏರ್ಪಾಡು!

ಆ ವರ್ಷ ಹೀಗೆ ನೀರು ಕೊಡಲು ಹೋದ ಮೂವರು ಮದುವೆಯಾಗಿ ಕಾಲೇಜು ಬಿಟ್ಟಿದ್ದರು. ಸಾರವಾಡದ ಹೊಳೆವ್ವನ ಡಿಗ್ರಿ ಪರೀಕ್ಷೆಗೆ ಇನ್ನೆರಡೇ ತಿಂಗಳು. ಅಬೇದಾ ಆರು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದಳು, ಇಂಥ ಚುರುಕು ತಲೆ ಕಂಡಿರಲಿಲ್ಲ.

ಹೊಳೆವ್ವ ಸೆರಗು ಸರಿಮಾಡಿಕೊಂಡು ಎದ್ದಳು. “ಬಾಯಾರ, ಇವರು...”

“ಕೂಡು ಸುಮ್ಮ. ನಾ ನೋಡ್ಕೋತೀನಿ” ಎಂದು ಅಬೇದಾ ತಾನೇ ತಂಬಿಗೆ ಹಿಡಿದು ಹೊರಟಳು.

ಕೋಣೆಯಲ್ಲಿ ತಿಕೋಟಾದ ದ್ರಾಕ್ಷಿ ತೋಟದವರು ಕೂತಿದ್ದರು, ವರ ಮತ್ತು ಅವನ ಕಾಕಾ. ಅಬೇದಾ ತಂಬಿಗೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

“ಕುಡೀರಿ. ನೋಡೂದಿದ್ರ ನನ್ನ ನೋಡ್ರಿ. ಆ ಹುಡುಗಿ ಓದಾಕ ಬಂದಾಳ, ಸಂತ್ಯಾಗ ನಿಂದ್ರಾಕಲ್ಲ.”

ವರ ಏನೋ ಹೇಳಲು ಬಾಯಿ ತೆರೆದ. ಕಾಕಾ ಅವನ ತೋಳು ಹಿಡಿದು ಎಬ್ಬಿಸಿದ. “ನಡೀಪಾ. ಕಲಿಸಾವ್ರ ಹಿಂಗಿದ್ರ, ಕಲಿಯಾವ್ರು ಹೆಂಗಿರ್ತಾರ?”

ಅವರು ಹೋದ ಮೇಲೆ ಪ್ರಿನ್ಸಿಪಾಲರು, “ನಿಮಗ ಮದಿವಿ ಬ್ಯಾಡಂದ್ರ ಊರಿಗೆಲ್ಲ ಬ್ಯಾಡೇನ್ರಿ?” ಎಂದು ಕೂಗಾಡಿದರು. ಅಬೇದಾ ಜಗ್ಗಲಿಲ್ಲ. ಜೋರಾಪುರ ಪೇಟೆಯ ಮನೆ ಮುಟ್ಟುವವರೆಗೂ ಆ ಮನುಷ್ಯನನ್ನು ಬೈಯುತ್ತಲೇ ಹೋದಳು. ಆದರೂ ಒಂದು ಹುಡುಗಿಯನ್ನು ಉಳಿಸಿಕೊಂಡೆನಲ್ಲ ಎಂಬ ಸಮಾಧಾನವಿತ್ತು.

ಮರುದಿನ ಹೊಳೆವ್ವ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು.

“ನಮ್ಮಪ್ಪ ಬಂದಾನ್ರಿ. ಕಾಲೇಜ ಬಿಡಿಸಿ ಕರಕೊಂಡು ಹೊಂಟಾನ.”

“ಅಮರಪ್ಪನವರ ಕೂಡ ನಾ ಮಾತಾಡ್ತೀನಿ, ತಡಿ.”

“ಏನ ಮಾತಾಡ್ತೀರಿ? ಡಿಗ್ರಿ ಮುಗೀಲಿ, ಆಮ್ಯಾಲೆ ಮದಿವಿ ಅಂದಾವ ಆ ತಿಕೋಟಾದಾವ ಒಬ್ಬನರಿ. ಬಬಲೇಶ್ವರದ ನಮ್ಮತ್ತಿ ಕೈಲೆ ನಾನ ಹೇಳಿ ಕಳಿಸಿದ್ದೆ. ಒಪ್ಕೊಂಡ ಬಂದಿದ್ದ. ನಿನ್ನೆ ಅವರ ಕಾಕಾ ಬ್ಯಾಡಂತ ಹೇಳಿ ಕಳಿಸಿದ ಕೂಡ್ಲೆ ಅಪ್ಪ, ಮೊದಲ ಕೇಳಿದ್ದ ಬ್ಯಾರೆ ಸಂಬಂಧ ಹಿಡಿದಾನ. ಅವರಿಗೆ ಓದಿದಾಕಿ ಬ್ಯಾಡಂತ.”

ಅಬೇದಾಳ ಸಿಟ್ಟಿಗೆ ಈಗ ಯಾರೂ ಸಿಗಲಿಲ್ಲ. ಪ್ರಿನ್ಸಿಪಾಲರೂ ಸಾಲಲಿಲ್ಲ, ಆ ಕಾಕಾನೂ ಸಾಲಲಿಲ್ಲ. ಗೇಟಿನ ಬಳಿ ಅಮರಪ್ಪ ಮಗಳ ಟ್ರಂಕು ಹೆಗಲಿಗೇರಿಸಿಕೊಂಡು ನಿಂತಿದ್ದ.

“ಏನ ಮಾಡೂನು?” ಎಂದಳು ಅಬೇದಾ. “ನೀನ ಹೇಳವಾ.”

“ಈಗ ಕೇಳ್ತೀರೇನ್ರಿ, ಬಾಯಾರ?” ಎಂದು ಹೊಳೆವ್ವ ಅಪ್ಪನ ಕಡೆ ನಡೆದಳು.