ತೊಳೆದದ್ದನ್ನೇ ತೊಳೆದಾಗ

ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ನಾವೇ ಮಾಡಿದ ಸೆನ್ಸರ್ ನಿನ್ನೆ ಸಂಜೆ ಮೊದಲ ಸಲ ಬಾಯಿಬಿಟ್ಟು ಉಷ್ಣಾಂಶ ಹೇಳಿತ್ತು. ಅದನ್ನು ಮಾತಾಡಿಸುವ ಡ್ರೈವರ್ ಪ್ರೋಗ್ರಾಂ ಬರೆದವಳು ನಾನು. ಪೆಟ್ಟಿಗೆಯ ಪುಟ್ಟ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ ಆದ ಕರ್ನಲ್‌ಗೆ ಅದನ್ನು ಸೇರಿಸಿ, ಆಯ್ಕೆಗಳ ಮೆನುವಿನಲ್ಲಿ ಅದರ ಮುಂದೆ ಗುರುತು ಹಾಕಿ ಎಲ್ಲವನ್ನೂ ಒಟ್ಟಿಗೆ ಕಟ್ಟಿದ್ದೆ, ನಮ್ಮ ಮಾತಿನಲ್ಲಿ ಬಿಲ್ಡ್ ಮಾಡಿದ್ದೆ.

ಇವತ್ತು ಅದನ್ನು ನೋಡಲು ಬರುವವರು ನನ್ನ ಅತ್ತಿಗೆ, ಮಕ್ಕಳ ವಾರ್ಡಿನ ಹೆಡ್ ನರ್ಸ್. ಬೇಡ ಎಂದ ಡಾಕ್ಟರರನ್ನು ಕಾಡಿ ಬೇಡಿ ಒಪ್ಪಿಸಿದ್ದಾರೆ. ಇವತ್ತು ಕೈಕೊಟ್ಟರೆ ನಮ್ಮ ಪೆಟ್ಟಿಗೆಗೆ ಆ ವಾರ್ಡಿನ ಬಾಗಿಲು ಮುಚ್ಚಿದಂತೆಯೇ.

ಈಗ ಪೆಟ್ಟಿಗೆ ಚೆನ್ನಾಗಿ ಆನ್ ಆಗುತ್ತಿದೆ. ಅಂಕಿ ಇರಬೇಕಾದಲ್ಲಿ ಮಾತ್ರ ಒಂದು ಅಡ್ಡಗೆರೆ.

"ವೈರ್ ಬಿಟ್ಟಿದೆಯಾ ನೋಡು ಅಜ್ಜ," ಎಂದೆ.

ಅಜ್ಜನಿಗೆ ಇನ್ನೂ ನಲವತ್ತಾಗಿಲ್ಲ. ತಲೆ ಬೇಗ ನೆರೆತದ್ದಕ್ಕೆ ಈ ಹೆಸರು. ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡುಗಳೆಲ್ಲ ಅವನದೇ ಕೈಕೆಲಸ.

"ವೈರ್ ಕಲ್ಲುಗುಂಡಿನ ಹಾಗಿದೆ ತಾಯಿ. ನಿನ್ನೆ ಹಾಡ್ತಿದ್ದದ್ದು ಇವತ್ತು ಮೂಗಿ ಆಗಿದೆ ಅಂದ್ರೆ ನೀನೇ ಏನೋ ಮಾಡಿದೀಯ."

"ಏನೂ ಮಾಡಿಲ್ಲ! ಬಿಲ್ಡ್‌ನಲ್ಲಿ ಒಂದು ತಪ್ಪೂ ಬಂದಿಲ್ಲ. ಎಲ್ಲಾದ್ರೂ ಹಳೇದು ಉಳಿದಿದ್ರೆ ಅಂತ ಬೆಳಿಗ್ಗೆ ಎಲ್ಲಾ ಅಳಿಸಿ, ಮೊದಲಿನಿಂದ ಮಾಡಿದೆ, ಅಷ್ಟೇ."

"ಅಷ್ಟೇ!" ಅಜ್ಜ ಹಣೆ ಚಚ್ಚಿಕೊಂಡ. "ತೊಳೆದ ಪಾತ್ರೇನೇ ಮತ್ತೆ ತೊಳೆಯೋಕೆ ಹೋಗಿ, ಒಳಗಿದ್ದ ಸಾರನ್ನೂ ಚೆಲ್ಲಿದೀಯ."

ಮೆನು ತೆರೆದು ನೋಡಿದೆ. ಎಲ್ಲವನ್ನೂ ಅಳಿಸಿದಾಗ ಮೆನುವಿನಲ್ಲಿ ನಾನು ಹಾಕಿದ ಗುರುತೂ ಅಳಿಸಿಹೋಗಿತ್ತು. ಮೊದಲಿನಿಂದ ಶುರುವಾದ ಬಿಲ್ಡ್ ಆ ಬೋರ್ಡಿಗೆಂದು ಬೇರೆಯೇ ಇಟ್ಟ, ಅಳಿಸಿದರೂ ಉಳಿಯುವ ಮೂಲ ಆಯ್ಕೆಗಳನ್ನಷ್ಟೇ ಓದಿಕೊಂಡಿತ್ತು. ನನ್ನ ಡ್ರೈವರಿನ ಸುದ್ದಿ ಅಲ್ಲಿ ಇರಲೇ ಇಲ್ಲ. ಕರೆಯದವರು ಬರಲಿಲ್ಲವೆಂದು ಕರ್ನಲ್ ಯಾಕೆ ದೂರು ಹೇಳೀತು?

ಮೂಲ ಆಯ್ಕೆಗಳಲ್ಲೇ ಆ ಒಂದು ಸಾಲು ಸೇರಿಸಿದೆ. ಬಿಲ್ಡ್ ಓಡಿತು. ಅಡ್ಡಗೆರೆ ಹೋಗಿ ಅಂಕಿ ಬಂತು. ಅಜ್ಜ ಕುರ್ಚಿಗೆ ಒರಗಿದ.

ನಾನು ಮತ್ತೆ ಎಲ್ಲವನ್ನೂ ಅಳಿಸಿದೆ.

"ಅಯ್ಯೋ, ನಿನಗೆ ತಲೆ ಕೆಟ್ಟಿದೆಯಾ? ಅವರು ಮೆಟ್ಟಿಲು ಹತ್ತುತ್ತಾ ಇದಾರೆ!"

"ಹತ್ತಲಿ. ನಾಳೆ ಇನ್ಯಾರೋ ಅಳಿಸಿ ಕಟ್ಟಿದ್ರೂ ಇದು ಮಾತಾಡಬೇಕು. ಒಳಗೆ ಮಲಗೋದು ನಿನ್ನ ಬೋರ್ಡಲ್ಲ, ಕೂಸು."

ಅತ್ತಿಗೆ ಒಳಗೆ ಬಂದಾಗ ಪರದೆಯ ಮೇಲೆ ಹೊಸ ಬಿಲ್ಡ್‌ನ ಸಾಲುಗಳು ಇನ್ನೂ ಓಡುತ್ತಿದ್ದವು.

"ಏನಮ್ಮಾ, ಬೆವರ್ತಾ ಇದೀಯ? ಮನೆ ಬೀಗ ಹಾಕಿದೆಯೋ ಇಲ್ವೋ ಅಂತಲಾ?"

"ಅದನ್ನ ಎರಡು ಸಲ ನೋಡಿ ಬಂದೆ ಅತ್ತಿಗೆ. ಒಂದು ನಿಮಿಷ ಕೂತ್ಕೊಳ್ಳಿ."

ಪೆಟ್ಟಿಗೆ ಆನ್ ಆಯಿತು. ಅತ್ತಿಗೆ ಸೆನ್ಸರನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರು. ಅಂಕಿ ನಿಧಾನವಾಗಿ ಏರಿ, ಅವರ ಕೈ ಬಿಸಿಗೆ ಬಂದು ನಿಂತಿತು.

"ಸೋಮವಾರ ವಾರ್ಡಿಗೆ ತನ್ನಿ," ಎಂದರು ಅತ್ತಿಗೆ.

ಅಜ್ಜ ಸದ್ದಿಲ್ಲದೆ ನನ್ನ ಕೀಬೋರ್ಡ್ ಎತ್ತಿ ತನ್ನ ಕಂಕುಳಲ್ಲಿ ಇಟ್ಟುಕೊಂಡ.