ಮೊಳೆಯಣ್ಣ ಬಿಟ್ಟ ನಾಲ್ಕು ಸಾಲು

ನಲವತ್ತು ವರ್ಷ ಮಕ್ಕಳಿಗೆ ಕವಿತೆ ಪಾಠ ಮಾಡಿ ನಿವೃತ್ತಳಾದ ಟೀಚರ್, ತಾನು ಬರೆದದ್ದನ್ನೆಲ್ಲ ಒಟ್ಟು ಮಾಡಿ ದಪ್ಪನೆಯ ಪುಸ್ತಕವೊಂದನ್ನು ತರಲು ಹೊರಟಿದ್ದಳು. ಅರ್ಪಣೆಯ ಹಾಳೆಯನ್ನು ಕೈಚೀಲದಲ್ಲಿಟ್ಟುಕೊಂಡು, ಮಂಡಿನೋವನ್ನು ಬೈದುಕೊಳ್ಳುತ್ತ, ಮೊಳೆಯಣ್ಣನ ಮನೆಗೆ ಮೂರು ಮಹಡಿ ಹತ್ತಿದಳು.

ಮೊಳೆಯಣ್ಣ ಎಂದರೆ ಅವಳ ಮೊದಲ ಪುಸ್ತಕಕ್ಕೆ ಅಕ್ಷರ ಜೋಡಿಸಿದವನು. ಆಗ ಕಂಪ್ಯೂಟರ್ ಎಲ್ಲಿತ್ತು? ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಅಚ್ಚುಮೊಳೆ. ಮರದ ಖಾನೆಗಳಿಂದ ಹೆಕ್ಕಿ ಹೆಕ್ಕಿ ಸಾಲಾಗಿ ಜೋಡಿಸಬೇಕು. ಅವನು ಓದಿದ್ದು ಏಳನೇ ಕ್ಲಾಸು, ಆದರೆ ಕವಿತೆಯ ವಿಷಯದಲ್ಲಿ ಮೂಗು ಬಲು ಚುರುಕು. ಗುನುಗುತ್ತಲೇ ಜೋಡಿಸುವನು, ನಾಲಿಗೆ ತಡವರಿಸಿದಲ್ಲಿ ಕೈ ನಿಲ್ಲಿಸಿ, "ತಂಗೀ, ಇಲ್ಲಿ ಕಲ್ಲು ಸಿಕ್ತು" ಎನ್ನುವನು. 'ಸುಂದರ' ಎಂಬ ಪದ ಒಂದೇ ಪುಟದಲ್ಲಿ ಮೂರು ಸಲ ಬಂದಾಗ, "ಏನು ಸುಂದರ? ಕಣ್ಣಿಗೆ ಕಾಣೋ ಹಾಗೆ ಹೇಳಮ್ಮ" ಎಂದು ರೇಗಿದ್ದ. ಖಾಲಿ ಜಾಗಕ್ಕೂ ಅಕ್ಷರವಿಲ್ಲದ ಸೀಸದ ತುಂಡು ತುಂಬುತ್ತ, "ನೋಡು, ಸುಮ್ನಿರೋದಕ್ಕೂ ತೂಕ ಇದೆ" ಎಂದಿದ್ದ. ಯಾವ ಪಂಡಿತನೂ ಅವಳಿಗೆ ಇಷ್ಟು ಚೊಕ್ಕವಾಗಿ ಹೇಳಿಕೊಡಲಿಲ್ಲ.

ಆದರೆ ದೊಡ್ಡ ಪಾಠ ಬೇರೆಯೇ ಇತ್ತು. 'ಅಂಗಿ' ಎಂಬ ಕವಿತೆಯ ಕೊನೆಯ ನಾಲ್ಕು ಸಾಲು ಪ್ರೂಫಿನಲ್ಲಿದ್ದವು, ಪುಸ್ತಕದಲ್ಲಿ ಮಾಯ! ಅವಳು ಕೆಂಡಾಮಂಡಲವಾಗಿ ಪ್ರೆಸ್ಸಿಗೆ ನುಗ್ಗಿದಾಗ ಮೊಳೆಯಣ್ಣ ತಲೆಯೆತ್ತದೆ, "ಕವಿತೆ ಅಲ್ಲೇ ಮುಗಿದಿತ್ತು ತಂಗಿ. ಮುಗಿದ ಮೇಲೆ ಮಾತಾಡಬಾರ್ದು" ಎಂದುಬಿಟ್ಟ. ಅವಳು ಸಿಡುಕಿಕೊಂಡೇ ಮನೆಗೆ ಬಂದಳು. ವಿಮರ್ಶಕರು ಮಾತ್ರ ಆ ಮುಕ್ತಾಯವನ್ನು ಹೊಗಳಿ ಅಟ್ಟಕ್ಕೇರಿಸಿದರು. ಹೊಗಳಿಕೆ ಯಾರಿಗೆ ಬೇಡ? ಅವಳೂ ಕೈಬರಹದ ಹಾಳೆಗಳನ್ನು ಒಲೆಗೆ ಹಾಕಿ, ಮೊಳೆಯಣ್ಣನ ಮಾತನ್ನೇ ನಲವತ್ತು ವರ್ಷ ಮಕ್ಕಳ ಕಿವಿಗೆ ಊದಿದಳು.

ಒಂದು ಮಾತ್ರ ಒಳಗೆ ಚುಚ್ಚುತ್ತಲೇ ಇತ್ತು. ಆ ನಾಲ್ಕು ಸಾಲು ಅಮ್ಮನ ಬಗ್ಗೆ. ಅಮ್ಮ ಪುಸ್ತಕವನ್ನು ಬೆರಳಿಟ್ಟು ಮೊದಲಿಂದ ಕೊನೆಯವರೆಗೆ ಓದಿ, "ನಾನೆಲ್ಲೂ ಬರ್ಲೇ ಇಲ್ವಲ್ಲೇ?" ಎಂದು ಕೇಳಿದ್ದಳು. "ಹೇಳದೆ ಉಳಿದ ಕಡೆ ಇದ್ದೀಯಮ್ಮ" ಎಂದು ಮಗಳು ದೊಡ್ಡ ಮಾತಾಡಿದ್ದಳು. "ಓಹೋ" ಎಂದು ಅಮ್ಮ ಪುಸ್ತಕ ಮುಚ್ಚಿಟ್ಟಿದ್ದಳು. ಈಗ ಅಮ್ಮ ಇಲ್ಲ. ಹೊಸ ಪುಸ್ತಕಕ್ಕಾದರೂ ಆ ಸಾಲುಗಳನ್ನು ಸೇರಿಸೋಣವೆಂದು ತಿಂಗಳಿಂದ ತಲೆ ಕೆರೆದುಕೊಂಡರೂ ನೆನಪಾದದ್ದು 'ಅಂಚು ಬಿಚ್ಚಿ' ಎಂಬ ಎರಡೇ ಪದ.

ಮೊಳೆಯಣ್ಣ ಕಿಟಕಿಯ ಪಕ್ಕ ಕೂತಿದ್ದ. ಅವನ ಕಣ್ಣು ಮಂಜಾಗಿದ್ದರಿಂದ ಅವಳೇ ಅರ್ಪಣೆಯನ್ನು ಓದಿ ಹೇಳಿದಳು: "ಎಲ್ಲಿ ನಿಲ್ಲಿಸಬೇಕೆಂದು ಕಲಿಸಿದ ಮೊಳೆಯಣ್ಣನಿಗೆ."

ಮುದುಕನ ಮುಖ ಸಪ್ಪಗಾಯಿತು. "ಅದನ್ನ ಹಾಕ್ಬೇಡ ತಂಗಿ."

"ಯಾಕಣ್ಣ?"

"ನಾನು ಕಲಿಸಿದ್ದಲ್ಲ. ಮಷೀನಿಗೆ ಒಯ್ಯುವಾಗ ಮೊಳೆಗಳ ಸುತ್ತ ಕಟ್ಟಿದ್ದ ದಾರ ಸಡಿಲಾಗಿ ಆ ನಾಲ್ಕು ಸಾಲು ನೆಲಕ್ಕೆ ಚೆಲ್ಲಿಹೋಯ್ತು. ತಡ ಆಯ್ತು ಅಂತ ಮಾಲೀಕರು ಬೊಬ್ಬೆ ಹಾಕ್ತಿದ್ರು. ಜಾಗಕ್ಕೆ ಖಾಲಿ ಸೀಸ ತುಂಬಿ ಕೊಟ್ಬಿಟ್ಟೆ. ನೀನು ಜಗಳಕ್ಕೆ ಬಂದಾಗ ಬಾಯಿಗೆ ಬಂದದ್ದು ಹೇಳ್ದೆ. ಆಮೇಲೆ ಊರೆಲ್ಲ ಹೊಗಳ್ತು. ಹೇಗೆ ಬಾಯಿ ಬಿಡ್ಲಿ?"

ಟೀಚರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಸಡಿಲ ದಾರವನ್ನೇ ಶಾಸ್ತ್ರವೆಂದು ಎಷ್ಟು ಮಕ್ಕಳಿಗೆ ಉರು ಹೊಡೆಸಿದ್ದಳು! "ಅಮ್ಮ ಕೇಳಿದ್ಳು ಅಣ್ಣ, ನಾನೆಲ್ಲಿ ಅಂತ. ಈಗ ಆ ಸಾಲು ನನಗೇ ಗೊತ್ತಿಲ್ಲ."

"ನನಗೆ ಗೊತ್ತು" ಎಂದ ಮೊಳೆಯಣ್ಣ. "ಬಾಯಿಗೆ ಬರಲ್ಲ, ಕೈಗೆ ಬರುತ್ತೆ. ಆ ದಿನದಿಂದ ಎಷ್ಟು ಸಲ ಜೋಡಿಸಿದೀನೋ! ತಪ್ಪು ಮಾಡಿದವನಿಗೆ ಮರೆವು ಎಲ್ಲಿಂದ ಬರ್ಬೇಕು?"

ಎಡಗೈಯನ್ನು ಮೊಳೆ ಜೋಡಿಸುವ ಪಟ್ಟಿ ಹಿಡಿದಂತೆ ಚಾಚಿದ. ಬಲಗೈ ಇಲ್ಲದ ಖಾನೆಗಳ ಮೇಲೆ ಓಡಾಡಿ, ಇಲ್ಲದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಇಡತೊಡಗಿತು. ಬೆರಳು ಎತ್ತಿದ ಅಕ್ಷರವನ್ನು ತುಟಿ ಮೆಲ್ಲಗೆ ಉಚ್ಚರಿಸಿತು. ಟೀಚರ್ ಗಡಿಬಿಡಿಯಿಂದ ಪೆನ್ಸಿಲ್ ತೆಗೆದು ಬರೆದುಕೊಂಡಳು.

ಅಂಚು ಬಿಚ್ಚಿ ಬಿಚ್ಚಿ ಉದ್ದ ಮಾಡಿದಳು ಅಂಗಿ
ನಾನು ಬೆಳೆದಷ್ಟೂ ಅಮ್ಮ.
ಬಿಚ್ಚಲು ಅಂಚು ಉಳಿಯದ ದಿನ
ತನ್ನ ಬಟ್ಟೆ ಕತ್ತರಿಸಿ ಸೇರಿಸಿದಳು.

ಸಾಲು ಮುಗಿದರೂ ಅವನ ಕೈ ನಿಲ್ಲಲಿಲ್ಲ. ಉಳಿದ ಜಾಗಕ್ಕೆ ಖಾಲಿ ಸೀಸ ತುಂಬುತ್ತಿತ್ತು. ಟೀಚರ್ ಕಣ್ಣೊರೆಸಿಕೊಂಡಳು.

"ಇದನ್ನ ಸೇರಿಸಿದ್ರೆ ಕವಿತೆ ಕೆಡುತ್ತಾ ತಂಗಿ?" ಎಂದು ಅವನು ಅಳುಕುತ್ತ ಕೇಳಿದ.

ಕೆಡಬಹುದು. ಶಿಷ್ಯರು ಯಾರಾದರೂ ಹೀಗೆ ಬರೆದಿದ್ದರೆ ಅವಳೇ ಕೆಂಪು ಗೆರೆ ಎಳೆಯುತ್ತಿದ್ದಳು.

"ಕೆಟ್ರೆ ಕೆಡ್ಲಿ ಬಿಡಿ ಅಣ್ಣ. ಅಮ್ಮ ಇಷ್ಟು ವರ್ಷ ಕಾದಿದ್ದಾಳೆ."

ಅರ್ಪಣೆಯ ಹಾಳೆಯಲ್ಲಿ 'ಎಲ್ಲಿ ನಿಲ್ಲಿಸಬೇಕೆಂದು ಕಲಿಸಿದ' ಎಂಬುದನ್ನು ಹೊಡೆದುಹಾಕಿದಳು. 'ಮೊಳೆಯಣ್ಣನಿಗೆ' ಎಂಬುದಷ್ಟೇ ಉಳಿಯಿತು. ಅದರ ಮೇಲಿನ ಖಾಲಿ ಜಾಗದಲ್ಲಿ 'ಅಮ್ಮನಿಗೆ' ಎಂದು ಬರೆದಳು.