ಸೂಜಿ ತಾಗದ ಮೂಲೆ

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಕನ್ಯಾಮಠದ ಅಡುಗೆಮನೆಯಿಂದ ಈರುಳ್ಳಿ ಸಿಪ್ಪೆ ಕುದಿಯುವ ವಾಸನೆ ಬೀದಿಗೆ ಇಳಿಯುತ್ತಿತ್ತು. ಪಾಪ, ಸಿಸ್ಟರುಗಳು ಉಪವಾಸದಲ್ಲಿ ಸಿಪ್ಪೆಯ ಸಾರು ಕುಡಿದೇ ಜೀವ ಹಿಡಿದಿದ್ದಾರೆಂದು ಊರೆಲ್ಲ ಮರುಗುತ್ತಿತ್ತು. ಪುಟ್ಟ ಎರ್ಸಿಲಿಯಾ ಅಮ್ಮನ ಕಣ್ಣು ತಪ್ಪಿಸಿ, ಬೆಣ್ಣೆಯ ತುಂಡೊಂದನ್ನು ಮಠದ ಬಾಗಿಲಲ್ಲಿಟ್ಟು ಓಡಿಬಂದದ್ದೂ ಉಂಟು.

ಆ ವಾಸನೆ ಅವಳಿಗೆ ಮತ್ತೆ ನೆನಪಾದದ್ದು ತಲೆ ನರೆತ ಮೇಲೆ, ಟ್ಯೂರಿನ್ನಿನ ಪ್ರಯೋಗಾಲಯವೊಂದರಲ್ಲಿ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಾಗ.

ಅವಳ ಊರು ರೊಕ್ಕಸಾನಾದ ಇಗರ್ಜಿಯಲ್ಲಿ ಒಂದು ನಾರುಬಟ್ಟೆ ಇತ್ತು. ಸಮಾಧಿಯಲ್ಲಿ ಯೇಸುವಿನ ತಲೆಗೆ ಸುತ್ತಿದ್ದು ಅದೇ ಎಂದು ಜನರ ನಂಬಿಕೆ. ಯೇಸುವಿನ ಮೈಗೆ ಹೊದಿಸಿದ್ದೆನ್ನುವ ಟ್ಯೂರಿನ್ನಿನ ದೊಡ್ಡ ಶವವಸ್ತ್ರದ ವಯಸ್ಸಿನ ಪರೀಕ್ಷೆಯಾದ ಮರುವರ್ಷ, ನಮ್ಮದಕ್ಕೂ ಆಗಲಿ ಎಂದು ಊರನ್ನು ಒಪ್ಪಿಸಿದವಳು ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಎರ್ಸಿಲಿಯಾಳೇ. ಇಗರ್ಜಿಯ ಗುರು ಅವಳ ಸ್ವಂತ ತಮ್ಮ ಎವ್ಸೇಬಿಯೊ.

"ಈ ಮೂಲೆಗೆ ಯಾವತ್ತೂ ಸೂಜಿ ತಾಗಿಲ್ಲ ತಾನೆ?" ಎಂದು ಅಂದು ಅವಳು ಕೇಳಿದ್ದಳು.

"ಇಲ್ಲ ಅಕ್ಕ."

ಅವನೇ ಹಿಡಿದುಕೊಟ್ಟ ಮೂಲೆಯಿಂದ ಚೂರು ಕತ್ತರಿಸಿದ್ದರು. ಬಟ್ಟೆಗೆ ಆರುನೂರು ವರ್ಷ ಎಂದು ಫಲಿತಾಂಶ ಬಂತು. ಅವಳು ಇಗರ್ಜಿಯ ಬಲಿಪೀಠದ ಮುಂದೆ ನಿಂತು, ಇದು ಯೇಸುವಿನದಲ್ಲ, ನನ್ನ ಮಾತು ನಂಬಿ ಎಂದಳು. ಅಂದಿನಿಂದ ಊರ ಹೆಂಗಸರು ಅವಳನ್ನು ಕಂಡರೆ ಕಿಟಕಿ ಮುಚ್ಚುತ್ತಿದ್ದರು. ಎವ್ಸೇಬಿಯೊ ಎಂದಿನಂತೆ ಪೂಜೆ ನಡೆಸಿಕೊಂಡು ಹೋದ.

ಚೂರು ತಪ್ಪು ಜಾಗದ್ದು ಎಂದು ವಾದಿಸಿದವರು ಬಟ್ಟೆಗಳ ತಜ್ಞ ಗಲ್ಲೇಸಿಯೊ ಒಬ್ಬರೇ. "ಅವರ ಕನ್ನಡಕಕ್ಕೆ ಗಾಜಿಲ್ಲ, ಜಪಮಣಿ ಪೋಣಿಸಿದೆ" ಎಂದು ಎರ್ಸಿಲಿಯಾ ತುಂಬಿದ ಸಭೆಯನ್ನು ನಗಿಸಿದ್ದಳು. ಈಗ ಅವರೇ, ಪರೀಕ್ಷೆಯಲ್ಲಿ ಉಳಿದ ಎಳೆಗಳನ್ನು ತೋರಿಸಲು ಅವಳನ್ನು ಕರೆದಿದ್ದರು.

"ಮೇಡಂ, ನಾರಿನ ನಡುವೆ ಹತ್ತಿ ಎಳೆ ಸೇರಿದೆ ನೋಡಿ. ಬಣ್ಣ ಈರುಳ್ಳಿ ಸಿಪ್ಪೇದು. ಹರಕನ್ನ ಗೊತ್ತೇ ಆಗದ ಹಾಗೆ ನೇಯ್ದು ಮುಚ್ಚಿದಾರೆ. ಎಂಥಾ ಕೈ ಅಂತೀನಿ!"

"ಹಳೇ ನೂಲು ಹೊಸ ನೂಲು ಬೆರೆತ್ರೆ ನಡುವಿನ ವಯಸ್ಸು ಬರತ್ತೆ..." ಅವಳ ದನಿ ಇಳಿಯಿತು. "ಹಾಗಾದ್ರೆ ಬಟ್ಟೆ ನಿಜಾನಾ?"

"ಅದೂ ಗೊತ್ತಿಲ್ಲ ಮೇಡಂ. ಈ ಚೂರು ಏನನ್ನೂ ಹೇಳಲ್ಲ."

ಮಠದಲ್ಲಿ ಕುದಿಯುತ್ತಿದ್ದದ್ದು ಸಾರಲ್ಲ, ನೂಲಿಗೆ ಹಾಕುವ ಬಣ್ಣ. ಸೌದೆ ಕೊಡುವ ನೆಪದಲ್ಲಿ ಆ ಅಡುಗೆಮನೆಯೊಳಕ್ಕೆ ಹೋಗುತ್ತಿದ್ದ ಮಗು ಊರಿಗೆಲ್ಲ ಒಂದೇ, ಎವ್ಸೇಬಿಯೊ.

ಗಲ್ಲೇಸಿಯೊ ತಮ್ಮ ಕಾರಿನಲ್ಲೇ ಅವಳನ್ನು ರೊಕ್ಕಸಾನಾಕ್ಕೆ ಕರೆತಂದು, ಚೌಕದಲ್ಲಿ ಕಾದು ಕುಳಿತರು.

ಇಗರ್ಜಿಯಲ್ಲಿ ಎವ್ಸೇಬಿಯೊ ಪೂಜೆಯ ಪಾತ್ರೆ ಒರೆಸುತ್ತಿದ್ದ. "ಏನಕ್ಕ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಕಾಫಿ ಇಡ್ಲಾ?"

"ಮಠದಲ್ಲಿ ಕುದೀತಿದ್ದದ್ದು ಸಾರಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

ಒರೆಸುತ್ತಿದ್ದ ಕೈ ನಿಂತಿತು. "ಚಿಕ್ಕೋನಿದ್ದಾಗ್ಲೇ. ಆ ಬಟ್ಟೆ ಹೊಲಿಯೋವಾಗ ಮಾತಾಡ್ಬಾರ್ದು, ಹೊಲಿದದ್ದು ಯಾರಿಗೂ ಹೇಳ್ಬಾರ್ದು. ಅದು ಸಿಸ್ಟರುಗಳ ವ್ರತ ಅಕ್ಕ."

"ವ್ರತ ಅವರದು. ನಂಗೆ ಸುಳ್ಳು ಹೇಳಿದ ಬಾಯಿ ನಿಂದು."

"ಮಧ್ಯದಿಂದ ಕತ್ತರಿಸಿ, ಸುಳ್ಳು ಅಂತ ಬಂದಿದ್ರೆ ನಮಗೆ ಏನುಳೀತಿತ್ತು? ಈ ಮೂಲೆ ಆದ್ರೆ, ಏನೇ ಬಂದ್ರೂ ಒಂದು ಅನುಮಾನ ಉಳಿಯತ್ತೆ ಅಂತ..."

"ಜನ ನನ್ನ ಮುಖಕ್ಕೆ ಕಿಟಕಿ ಹಾಕಿದ್ರಲ್ಲ, ಆವಾಗ್ಲಾದ್ರೂ ಹೇಳ್ಬಹುದಿತ್ತಲ್ಲೋ?"

"ಹೇಳಿದ್ರೆ ನೀನು ಇನ್ನೊಂದು ಚೂರು ಕೇಳ್ತಿದ್ದೆ."

"ಈಗ ಕೇಳ್ತಿದೀನಿ. ಕೊಡು."

"ಇಲ್ಲ ಅಕ್ಕ."

ಅಂದು ಹೇಳಿದಷ್ಟೇ ಮೆತ್ತಗೆ, ಅದೇ ಮಾತು. ಇಷ್ಟು ದಿನ ತಮ್ಮನ ನಂಬಿಕೆಯನ್ನು ಮುರಿದೆನಲ್ಲ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು. ಆದರೆ ಆ ಬಟ್ಟೆಯನ್ನು ಪರೀಕ್ಷೆಗೊಡ್ಡುವ ಮಟ್ಟಿಗೆ ಅವನು ಅವಳಷ್ಟೂ ನಂಬಿರಲಿಲ್ಲ. ಅವಳನ್ನಂತೂ ನಂಬಿಯೇ ಇರಲಿಲ್ಲ.

ಕಾರಿನಲ್ಲಿ ಕೂತು ಅವಳು ಹೇಳಿದಳು: "ನೀವು ಬರೀರಿ ಗಲ್ಲೇಸಿಯೊ ಅವರೇ. ನಾನು ಹೇಳಿದ್ದು ತಪ್ಪು ಅಂತ ನಾನೂ ಸಹಿ ಹಾಕ್ತೀನಿ. ಮೂಲೆ ತೋರಿಸಿದ್ದು ಯಾರು ಅಂತಾನೂ ಬರೀರಿ. ನನ್ನ..." ಅವಳು ಇಗರ್ಜಿಯ ಕಡೆ ಕೈ ತೋರಿಸಿದಳು.

ಗಲ್ಲೇಸಿಯೊ ಹಳೆಯ ನಗೆಚಾಟಿಕೆಯ ಲೆಕ್ಕ ತೀರಿಸಬಹುದಿತ್ತು. ಅವರು ಹಿಂದಿನ ಸೀಟಿನಿಂದ ಹೆಂಡತಿ ಕಟ್ಟಿಕೊಟ್ಟಿದ್ದ ಬುತ್ತಿ ತೆಗೆದರು. ಪಾಲಕ್ ಆಮ್ಲೆಟ್ ಇಟ್ಟ ಬ್ರೆಡ್ಡು, ಒಂದೇ ಒಂದು. ಕಾಗದ ಬಿಡಿಸಿ ಇಡಿಯಾಗಿ ಅವಳ ಕೈಗಿತ್ತು, ಅವಳು ತಿನ್ನುವಷ್ಟು ಹೊತ್ತು ಆಚೆ ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು.